ಮಹಾದೇವಿಯ ಕೈ ಅಳೆದದ್ದು

ಅಳೆಯುವ ಸಾಧನವೊಂದು ಹೊಸದಾಗಿ ಕೈಗೆ ಬಂದ ಮನುಷ್ಯನನ್ನು ಕೆಲವು ಕಾಲ ಯಾರೂ ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಓಣಿಯಲ್ಲಿ ಹಿರಿಯರೊಬ್ಬರು ಮಗನ ಜ್ವರ ನೋಡಲೆಂದು ಥರ್ಮಾಮೀಟರು ಕೊಂಡುತಂದರು. ಮಗನ ಜ್ವರ ಬೇಗ ಇಳಿಯಿತು, ಅವರದು ಇಳಿಯಲಿಲ್ಲ. ಕಟ್ಟೆಯ ಮೇಲೆ ಕೂತು, ಹಾದುಹೋಗುವವರನ್ನೆಲ್ಲ ಕರೆದು ಬಾಯಿ ತೆಗೆಸುತ್ತಿದ್ದರು. ಕಡೆಗೆ ಮೈ ಚೆನ್ನಾಗಿದ್ದವರೆಲ್ಲ ಹಿಂದಿನ ಓಣಿಯಿಂದ ಸುತ್ತಿ ಹೋಗತೊಡಗಿದರು. ಅವರನ್ನು ಕಂಡು ನಾನು ಮನಸಾರೆ ನಕ್ಕವನು. ನಮ್ಮ ಕಚೇರಿಗೆ ಕಂಪ್ಯೂಟರು ಬರುವವರೆಗೆ ನನಗೆ ನಗುವ ಹಕ್ಕೂ ಇತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗುಲಬರ್ಗಾದ ಕಡೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಸೂರ್ಯಕಾಂತಿಯ ಎಲೆಚುಕ್ಕೆ ರೋಗವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದು ಎಂದರೆ ವಾಸಿ ಮಾಡುವುದು ಎಂದು ದಯವಿಟ್ಟು ತಿಳಿಯಬೇಡಿ. ರೋಗ ಎಷ್ಟಿದೆ ಎಂದು ಹೇಳುವುದಷ್ಟೇ ನನ್ನ ಪಾಲಿನದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲ ಸುತ್ತಿ ಎಲೆ ಕಿತ್ತುಕೊಂಡು ಬರುತ್ತಿದ್ದೆ. ಅದರ ಮೇಲಿನ ಕಂದು ಚುಕ್ಕೆಗಳನ್ನು ಕಣ್ಣಂದಾಜಿನಿಂದಲೇ ನೋಡಿ, ಎಲೆಯಲ್ಲಿ ನಾಲ್ಕಾಣೆಯಷ್ಟು ಹೋಗಿದೆ, ಎಂಟಾಣೆಯಷ್ಟು ಹೋಗಿದೆ ಎಂದು ಬರೆಯುತ್ತಿದ್ದೆವು. ಒಬ್ಬರ ಕಣ್ಣಿಗೆ ನಾಲ್ಕಾಣೆಯಾದದ್ದು ಇನ್ನೊಬ್ಬರ ಕಣ್ಣಿಗೆ ಆರಾಣೆಯಾಗುತ್ತಿತ್ತು. ನನ್ನ ಅನುಭವದಲ್ಲಿ ಊಟದ ಮೊದಲು ನೋಡಿದ ಎಲೆಗಿಂತ ಊಟವಾದ ಮೇಲೆ ನೋಡಿದ ಎಲೆಯಲ್ಲಿ ರೋಗ ತುಸು ಕಡಿಮೆಯೇ ಇರುತ್ತಿತ್ತು.

ಇಂಥ ಸುಖದ ದಿನಗಳಲ್ಲಿ ಕಂಪ್ಯೂಟರು ಬಂತು. ಜೊತೆಗೆ ಎಲೆಯನ್ನು ಗಾಜಿನ ಮೇಲಿಟ್ಟರೆ ಅದರ ಚಿತ್ರವನ್ನು ಪರದೆಯ ಮೇಲೆ ತರುವ ಸ್ಕ್ಯಾನರೂ ಬಂತು. ಪರದೆಯ ಮೇಲಿನ ಎಲೆಯಲ್ಲಿ ನಮಗೆ ಬೇಕಾದ ಚುಕ್ಕೆಯ ಸುತ್ತ ಮೌಸಿನಿಂದ ಗೆರೆ ಎಳೆಯಬೇಕು. ಒಂದಕ್ಕೆ ಎಳೆದಾದ ಮೇಲೆ ಇನ್ನೊಂದಕ್ಕೆ, ಆಮೇಲೆ ಮತ್ತೊಂದಕ್ಕೆ. ಎಳೆದ ಗೆರೆಗಳನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಕಡೆಗೆ ಎಲ್ಲವನ್ನೂ ಆರಿಸಿ ಕೂಡಿಸು ಎಂದರೆ ಒಂದೇ ಪ್ರದೇಶವೆಂದು ಕೂಡಿಸಿ, ಅಳೆ ಎಂದರೆ ಅಳೆದು, ದಶಮಾಂಶ ಬಿಂದುವಿನ ಮುಂದೆಯೂ ಒಂದಿಷ್ಟು ಅಂಕಿ ಸೇರಿಸಿ ವಿಸ್ತೀರ್ಣ ಹೇಳುತ್ತದೆ. ಆ ದಶಮಾಂಶ ಬಿಂದುವೇ ನನ್ನ ತಲೆ ಕೆಡಿಸಿದ್ದು. ಅದರ ಮುಂದೆ ಅಂಕಿ ಬಂದದ್ದೆಲ್ಲ ಸತ್ಯ ಎಂದು ಆಗಿನ ಕಾಲದಲ್ಲಿ ನಾನು ನಂಬಿದ್ದೆ.

'ಕೂಡಿಸುವುದು' ಎಂದರೆ ಬರಿಯ ಸಂಕಲನವಲ್ಲ ಎಂದು ನಮ್ಮ ಸಾಹೇಬರು ಮೊದಲ ದಿನವೇ ಎಚ್ಚರಿಸಿದ್ದರು. ಒಂದು ಚುಕ್ಕೆಯ ಗೆರೆ ಪಕ್ಕದ ಚುಕ್ಕೆಯೊಳಗೆ ಸ್ವಲ್ಪ ನುಗ್ಗಿರುತ್ತದೆ. ಬೇರೆ ಬೇರೆ ಅಳೆದು ಮೊತ್ತ ಹಾಕಿದರೆ ಆ ನಡುವಿನ ತುಣುಕು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಮೊದಲು ಒಂದುಗೂಡಿಸಿ ಆಮೇಲೆ ಅಳೆದರೆ ಒಂದೇ ಸಲ ಬರುತ್ತದೆ. ನನ್ನ ಮುಖ ನೋಡಿ ಇದು ತಲೆಗೆ ಇಳಿದಿಲ್ಲವೆಂದು ತಿಳಿದ ಸಾಹೇಬರು, "ಲಗ್ನದಾಗ ಹೆಣ್ಣಿನ ಕಡೆಗೂ ಬೀಗ, ಗಂಡಿನ ಕಡೆಗೂ ಬೀಗ ಅಂತ ಒಬ್ಬ ಇರ್ತಾನ್ರಿ. ಎರಡೂ ಕಡೆಯವರು ಅವನ ಹೆಸರು ಬರಸ್ತಾರ. ಅಂದ್ರ ಅವ ಎರಡು ಎಲಿ ಹಾಕ್ಕೊಂಡು ಉಣ್ತಾನೇನು?" ಎಂದರು. ಅಫಜಲಪುರದ ಕಡೆ ಹಾಗೆ ಉಣ್ಣುವ ಒಬ್ಬರನ್ನು ನಾನು ಬಲ್ಲೆನಾದರೂ ಸುಮ್ಮನೆ ತಲೆಯಾಡಿಸಿದೆ.

ಅಲ್ಲಿಂದ ಮುಂದೆ ನನಗೆ ಜಗತ್ತೆಲ್ಲ ಗೆರೆ ಎಳೆದು ಅಳೆಯುವಂತೆಯೇ ಕಾಣತೊಡಗಿತು. ರೊಟ್ಟಿಯ ಮೇಲಿನ ಸುಟ್ಟ ಕಲೆ, ಗೋಡೆಯ ಮೇಲಿನ ಬೂಷ್ಟು, ಬಸ್ಸಿನಲ್ಲಿ ಮುಂದೆ ಕೂತವರ ಬೋಳುತಲೆ, ಎಲ್ಲವನ್ನೂ ಮನಸ್ಸಿನಲ್ಲೇ ಸುತ್ತುಗಟ್ಟುತ್ತಿದ್ದೆ. ಇಜೇರಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗ ಈ ಯಂತ್ರದ ಮಹಿಮೆಯನ್ನು ಊಟಕ್ಕೆ ಮೊದಲೂ ನಂತರವೂ ಕೊಂಡಾಡಿದೆ. ಭಾವ ಸಿದ್ರಾಮಪ್ಪ ತೊಗರಿಯ ಧಾರಣೆಯ ಮಾತೆತ್ತಿದರೆ ನಾನು ಅದನ್ನೂ ಕಂಪ್ಯೂಟರಿಗೆ ತಂದು ಮುಟ್ಟಿಸುತ್ತಿದ್ದೆ. ಅಕ್ಕ ಮಾತ್ರ ಭಾವ ಎದ್ದು ಹೊರಗೆ ಹೋದ ಮೇಲೆ ಹತ್ತಿರ ಬಂದು ಕೂತಳು.

"ತಮ್ಮಾ, ಎಲಿ ಮ್ಯಾಲಿನ ಕಲಿ ಅಳೀತೀನಿ ಅಂತಿ. ಮನಷ್ಯಾರ ಮೈಮ್ಯಾಲಿಂದು ಅಳೀಲಾಕ ಬರ್ತದೇನು?"

ಅಕ್ಕನ ಮಗಳು ಮಹಾದೇವಿಯ ಬಲಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಹಿಂದಿನ ವರ್ಷದಿಂದ ಬಿಳಿ ಕಲೆಗಳು ಎದ್ದಿದ್ದವು. ಮಹಾದೇವಿ ನನಗಿಂತ ಕೆಲವೇ ವರ್ಷ ಚಿಕ್ಕವಳು, ಕೊಳಕೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲುಂಟು. ಆ ಕಲೆಗಳು ಬರುವುದಕ್ಕೆ ಬಹಳ ಮೊದಲು ಒಮ್ಮೆ ಆ ಮಾತು ಎದ್ದಾಗ ಆಕೆಯೇ, "ಮಾಮಾನ ಸಂಗಾಟ ಜಗಳ ಆಡಾಕ ಲಗ್ನ ಯಾಕ ಬೇಕು? ಹಂಗೇ ಆಡ್ತೇನಿ" ಎಂದು ಮುಗಿಸಿದ್ದಳು. ನನಗೂ ಹಾಯೆನಿಸಿತ್ತು. ಈಗ ಆಳಂದದಿಂದ ಒಂದು ಸಂಬಂಧದ ಮಾತು ನಡೆದಿತ್ತು. ಹುಡುಗ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಮನೆತನ ಒಳ್ಳೆಯದು. ಅವರಿಗೆ ಕಲೆಯ ವಿಷಯ ಗೊತ್ತಿರಲಿಲ್ಲ. ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. 'ಕೈ' ಎಂದರೆ ಸಾಕು, ಯಾವ ಕೈ, ಏನಾಗಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಗುಲಬರ್ಗಾದ ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಮುಂಜಾನೆ ಸ್ವಲ್ಪ ಹೊತ್ತು ಬಿಸಿಲು ಕಾಯಿಸಿರಿ ಎಂದಿದ್ದರು. ಅದು ಗುಣ ಕೊಡುತ್ತಿದೆಯೋ ಇಲ್ಲವೋ ಎಂಬುದೇ ಮನೆಯ ದೊಡ್ಡ ಚರ್ಚೆ.

ಶಾಲೆಯಿಂದ ಬಂದ ಮಹಾದೇವಿ ವಿಷಯ ಕೇಳಿ ಕೈ ಮುಂದೆ ಚಾಚಿದಳು. "ಅಳಿ ಮಾಮಾ. ದಿನಾ ಮುಂಜಾನೆ ನನ್ನ ಕೈದು ಪಂಚಾಯ್ತಿ ಆಗ್ತದ. ಅಪ್ಪ ಕಮ್ಮಿ ಆಗ್ಯಾದ ಅಂತಾನ, ಅವ್ವ ಜಾಸ್ತಿ ಆಗ್ಯಾದ ಅಂತಾಳ. ಕೈ ನಂದು, ಮಾತು ಅವರದು."

ಹೀಗೆ ನಾನು ಸೂರ್ಯಕಾಂತಿಯಿಂದ ಮನುಷ್ಯರಿಗೆ ಬಡ್ತಿ ಪಡೆದೆ. ಕೈಯನ್ನು ಎಲೆಯ ಹಾಗೆ ಕಿತ್ತು ಗಾಜಿನ ಮೇಲಿಡುವಂತಿಲ್ಲವಾದ್ದರಿಂದ ಮೊದಲು ಫೋಟೋ ತೆಗೆಸಬೇಕಾಯಿತು. ಜೇವರ್ಗಿಯಲ್ಲಿ ಖಾದರಭಾಯಿಯ ಸ್ಟುಡಿಯೋ ಇತ್ತು. ಕನ್ಯೆಯ ಜೊತೆ ತಾಯಿ ತಂದೆ, ಸೋದರಮಾವ ಎಲ್ಲ ಬಂದದ್ದು ನೋಡಿ ಆತ ಬಣ್ಣದ ಪರದೆ ಇಳಿಬಿಟ್ಟು, ಪ್ಲಾಸ್ಟಿಕ್ ಗುಲಾಬಿಯ ಕುಂಡ ತಂದಿಟ್ಟ. ಮುಖ ಬೇಡ, ಕೈಯಷ್ಟೇ ಸಾಕು ಎಂದಾಗ ತಲೆ ಕೆರೆದುಕೊಂಡ. "ಲಗ್ನದಾಗ ಕೈ ಹಿಡೀತಾರ, ಖರೆ ಬಾತ್. ಅದಕ್ಕ ಮೊದಲೇ ಫೋಟೋನೂ ಕೇಳಾಕತ್ತಾರೇನ್ರೀ ಮಂದಿ?" ಎಂದ. ಭಾವನಿಗೆ ಸಿಟ್ಟು ಬಂತು, ಮಹಾದೇವಿಗೆ ನಗು ಬಂತು. ಕಲೆ ನೋಡಿದ ಮೇಲೆ ಖಾದರಭಾಯಿಯ ತಮಾಷೆ ನಿಂತಿತು. ಗುಲಾಬಿಯ ಕುಂಡವನ್ನು ತಾನೇ ಎತ್ತಿಟ್ಟು, ಕೈ ಕೆಳಗೆ ಕರಿ ಬಟ್ಟೆ ಹಾಸಿ, ನೆರಳು ಬೀಳದಂತೆ ದೀಪ ಹಿಡಿದು ತೆಗೆದುಕೊಟ್ಟ.

ಆ ಫೋಟೋವನ್ನು ಕಚೇರಿಗೆ ಒಯ್ದು ಒಂದು ಮಧ್ಯಾಹ್ನವೆಲ್ಲ ಕೂತು ಸಾವಧಾನದಿಂದ ಗೆರೆ ಎಳೆದೆ. ಎಲ್ಲ ಕಲೆಗಳನ್ನೂ ಒಂದುಗೂಡಿಸಿ, ಸಾಹೇಬರ ಬೀಗನನ್ನು ನೆನೆದು ಒಂದೇ ಎಲೆ ಹಾಕಿಸಿ, ಅಳತೆ ಬರೆದುಕೊಂಡೆ. ಮಳೆಗಾಲ ಕಳೆದ ಮೇಲೆ ಮಹಾದೇವಿಯ ಎರಡನೆಯ ಫೋಟೋ ಬಂತು. ಆ ಹೊತ್ತಿಗೆ ಆಳಂದದವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು. ಅಕ್ಕ ದಿನಕ್ಕೊಂದು ಸಲ ಫೋನಿದ್ದ ಅಂಗಡಿಗೆ ಹೋಗಿ ನನ್ನ ಕಚೇರಿಗೆ ಫೋನು ಹಚ್ಚಿಸುತ್ತಿದ್ದಳು. ಆ ಅವಸರದಲ್ಲಿ ನಾನು ಗೆರೆ ಎಳೆದೆ, ಅಳೆದೆ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಇಟ್ಟು ನೋಡಿದೆ. ಕಲೆ ಕಡಿಮೆಯಾಗುವುದಿರಲಿ, ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿತ್ತು.

ಇಂಥದನ್ನು ಫೋನಿನಲ್ಲಿ ಹೇಳಲಾಗದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಕೂಡಿಸುತ್ತಾ ಹೋದವನು, ಇಜೇರಿಯಲ್ಲಿ ಅಕ್ಕನ ಮುಖ ಕಂಡ ಕೂಡಲೇ ಒಂದೂ ನೆನಪಾಗದೆ, "ಜಾಸ್ತಿ ಆಗ್ಯಾದ" ಎಂದುಬಿಟ್ಟೆ. ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಭಾವ ತಲೆಯ ರುಮಾಲು ಬಿಚ್ಚಿ ಮಂಚದ ಮೇಲಿಟ್ಟು, "ಆಳಂದದವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ. ಮಂದಿ ಮುಂದ ಪೋರಿ ಮಾರಿ ಸಣ್ಣದಾಗೋದು ನನಗ ನೋಡಾಕ ಆಗಂಗಿಲ್ಲ" ಎಂದರು. ನಾನು ಎರಡೂ ಫೋಟೋಗಳನ್ನು ಕೈಯಲ್ಲಿ ಹಿಡಿದುಕೊಂಡು, ತೀರ್ಪು ಓದಿ ಮುಗಿಸಿದ ನ್ಯಾಯಾಧೀಶನ ಹಾಗೆ ನಿಂತಿದ್ದೆ. ಸಂಕಟವಂತೂ ನಿಜವೇ. ಆದರೆ ಒಳಗೆಲ್ಲೋ ಒಂದು ಮೂಲೆಯಲ್ಲಿ, ಇಷ್ಟು ನಿಖರವಾಗಿ ಹೇಳಿದೆನಲ್ಲಾ ಎಂಬ ಸಣ್ಣ ಹೆಮ್ಮೆಯೂ ಇತ್ತೆಂದರೆ ನೀವು ನನ್ನನ್ನು ಕ್ಷಮಿಸಬೇಕು.

ಮಹಾದೇವಿ ಶಾಲೆ ಮುಗಿಸಿ ಬಂದಳು. ತಾಯಿ ಅಳುತ್ತಿರುವುದನ್ನು ನೋಡಿದಳು, ತಂದೆಯ ಬರಿದಲೆ ನೋಡಿದಳು, ಏನೂ ಕೇಳದೆ ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. ಅಷ್ಟು ಹೊತ್ತು ಆಕೆಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಳುತ್ತಿದೆಯೇನೋ ಎಂದು ನಾನು ಹತ್ತಿರ ಹೋದೆ.

"ಮಾಮಾ, ಕಲಿ ಸಂಗಾಟ ನನ್ನ ಬಳಿನೂ ಬೆಳದಾವೇನು?" ಎಂದಳು.

ನನಗೆ ಅರ್ಥವಾಗಲಿಲ್ಲ. ಆಕೆ ಎರಡೂ ಫೋಟೋಗಳನ್ನು ಒಂದರ ಪಕ್ಕ ಒಂದು ಹಿಡಿದಳು. "ಇದೂ ಅದೇ ಹಸರ ಬಳಿ, ಇದೂ ಅದೇ ಹಸರ ಬಳಿ. ಇಲ್ಲಿ ನೋಡಿದ್ರ ಬಳಿ ಇದ್ದಂಗ ಅದ, ಅಲ್ಲಿ ನೋಡಿದ್ರ ಗಾಡಿ ಗಾಲಿ ಇದ್ದಂಗ ಅದ. ಬೆರಳು ನೋಡು. ಇವು ನನ್ನ ಬೆರಳೇನು?"

ಖಾದರಭಾಯಿ ಎರಡನೆಯ ಸಲ, ಪಾಪ, ಚಿತ್ರ ಚೆನ್ನಾಗಿ ಬರಲೆಂದು ಕ್ಯಾಮೆರಾವನ್ನು ಹತ್ತಿರ ತಂದಿದ್ದ. ಕೈಯೇ ದೊಡ್ಡದಾಗಿ ಬಿದ್ದಿತ್ತು, ಕೈಯ ಜೊತೆ ಕಲೆಯೂ. ಸ್ಕ್ಯಾನರಿನ ಗಾಜಿನ ಮೇಲೆ ಎಲೆ ಯಾವಾಗಲೂ ಒಂದೇ ದೂರದಲ್ಲಿರುತ್ತದೆ. ಅದಕ್ಕೆ ಒಂದು ಸಲ ಅಳತೆಗೋಲು ಹೇಳಿಕೊಟ್ಟು ಮರೆತುಬಿಟ್ಟಿದ್ದ ನನಗೆ, ಫೋಟೋಗೆ ಪ್ರತಿ ಸಲವೂ ಬೇರೆ ಹೇಳಬೇಕೆಂಬುದು ಹೊಳೆದೇ ಇರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ನನಗೆ ಇಡಲೆಂದು ತಂದಿದ್ದ ಚಹಾವನ್ನು ಮಗಳಿಗೆ ಕೊಟ್ಟಳು.

ಮಹಾದೇವಿಯ ಒಂದು ಹಸಿರು ಬಳೆಯನ್ನು ಕಿಸೆಯಲ್ಲಿಟ್ಟುಕೊಂಡು ಮರಳಿದೆ. ಬಳೆಯ ನಿಜವಾದ ಅಳತೆಯನ್ನು ಕಂಪ್ಯೂಟರಿಗೆ ಹೇಳಿ, ಅದರ ಲೆಕ್ಕಕ್ಕೆ ಎರಡೂ ಫೋಟೋ ಹೊಂದಿಸಿ ನೋಡಿದರೆ, ಕಲೆಗಳು ಇದ್ದಷ್ಟೇ ಇದ್ದವು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಭಾವನಿಗೆ ಅಷ್ಟೇ ಸಾಕಾಯಿತು. ಆಳಂದದವರು ಬರಲಿ ಎಂದರು. ಮಗಳಿಗೆ ಮಾತ್ರ ಉದ್ದ ತೋಳಿನ ಕುಪ್ಪಸ ಹೊಲಿಸು ಎಂದು ಅಕ್ಕನಿಗೆ ಹೇಳಿದರು. ಮಹಾದೇವಿ ಒಪ್ಪಲಿಲ್ಲ. "ಅಪ್ಪಾ, ಇವತ್ತು ಹಾಕ್ಕೊಂಡ್ರ ಜೀವ ಇರೋತನಕ ಹಾಕ್ಕೋಬೇಕಾಗ್ತದ. ನಮ್ಮ ಕಡಿ ಬ್ಯಾಸಗ್ಯಾಗ ನೀ ಅಂಗೀನೇ ಹಾಕ್ಕೊಳ್ಳಂಗಿಲ್ಲ" ಎಂದಳು. ಭಾವ ಆಗಲೂ ಬನಿಯನ್ನಿನ ಮೇಲೆಯೇ ಇದ್ದುದರಿಂದ ಮಾತು ಮುಂದುವರಿಯಲಿಲ್ಲ. ಆಳಂದದವರು ಕೇಳಿದರೆ ತಿಳಿಸಿ ಹೇಳುವುದಕ್ಕೆ ನಾನು ಕಂಪ್ಯೂಟರಿನ ಕಾಗದ ಸಮೇತ ಹಾಜರಿರಬೇಕೆಂದು ತೀರ್ಮಾನವಾಯಿತು.

ಹುಡುಗ ಶಿವರಾಜ, ಅವನ ತಾಯಿ ಕಾಶಿಬಾಯಿ ಇಬ್ಬರೇ ಬಂದರು. ಹುಡುಗ ಮಾತು ಕಡಿಮೆ, ಹೆಬ್ಬಾಗಿಲಿನ ಕೆತ್ತನೆಯನ್ನೇ ನೋಡುತ್ತಾ ಕೂತ. ತಾಯಿ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಿರಾಣಿ ಅಂಗಡಿ ನಡೆಸಿ ಮಗನನ್ನು ಓದಿಸಿದವರು. ಮಹಾದೇವಿ ಎಂದಿನ ಕುಪ್ಪಸದಲ್ಲೇ ಮಂಡಕ್ಕಿ ಸುಸಲಾ, ಮಿರ್ಚಿ ಭಜಿಯ ತಟ್ಟೆಗಳನ್ನು ತಂದು ಅವರ ಮುಂದಿಟ್ಟಳು. ಕೈ ಚೆನ್ನಾಗಿ ಕಾಣುವಷ್ಟು ಹೊತ್ತು ಇಟ್ಟಳು. ಕಾಶಿಬಾಯಿ ತಟ್ಟೆ ಮುಟ್ಟಲಿಲ್ಲ.

"ಇದು ಏನ್ರಿ ಕೈಮ್ಯಾಲ?"

ಭಾವ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು, "ಏನೂ ಫಿಕರ್ ಮಾಡಬ್ಯಾಡ್ರಿ ಅಕ್ಕಾರ. ನಾ ದಿನಾ ಇದೇ ಕೆಲಸ ಮಾಡ್ತೇನಿ" ಎಂದು ಶುರುಮಾಡಿದೆ. ಇಲ್ಲಿಯವರೆಗೆ ಸರಿಯಿತ್ತು. ಮುಂದೆ ಹೇಳಬೇಕಾದದ್ದು ಇದು ಮುಟ್ಟಿದರೆ ಹತ್ತುವುದಲ್ಲ ಎಂಬ ಒಂದೇ ವಾಕ್ಯ. ಆದರೆ ಹಾಳಾದ ನಾಲಗೆ, ವರ್ಷಾನುಗಟ್ಟಲೆ ರೈತರ ಸಭೆಗಳಲ್ಲಿ ಓಡಿದ ದಾರಿಯಲ್ಲೇ ಓಡಿತು. "ಈಗ ಸೂರ್ಯಕಾಂತಿ ತಗೋರಿ. ಕೆಳಗಿನ ಎಲಿಗೆ ಮೊದಲು ಬರ್ತದ. ಹಂಗೇ ಮ್ಯಾಲೆ ಏರ್ತದ. ಒಂದು ಜಿಟಿಜಿಟಿ ಮಳಿ ಹತ್ತಿತಂದ್ರ ನೋಡನೋಡತಾ ಇಡೀ ಹೊಲಕ್ಕ ಹಬ್ಬತದ, ಆಮ್ಯಾಲ ಬಾಜೂ ಹೊಲಕ್ಕ..." ಕಾಶಿಬಾಯಿ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಮಗನನ್ನೂ ಎಳೆದುಕೊಂಡು ಒಂದಿಷ್ಟು ಹಿಂದೆ ಸರಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಹಣೆ ಹಿಡಿದುಕೊಂಡಳು.

"ಮಾಮಾ," ಎಂದಳು ಮಹಾದೇವಿ, "ನಾ ಸೂರ್ಯಕಾಂತಿ ಅಲ್ಲ."

ಆಮೇಲೆ ಕಾಶಿಬಾಯಿಯ ಎದುರೇ ಕೂತು ತಾನೇ ಹೇಳಿದಳು. "ಹೋದ ವರ್ಷ ಬಂದಾವ್ರಿ. ಮುಟ್ಟಿದ್ರ ಹತ್ತಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಹೋಗ್ತಾವೋ ಇಲ್ಲೋ ಗೊತ್ತಿಲ್ಲ. ಜಾಸ್ತಿ ಆದ್ರೂ ಆಗಬಹುದು. ಔಷಧ ನಡದದ." 'ಜಾಸ್ತಿ ಆದ್ರೂ' ಎಂಬಲ್ಲಿ ಭಾವ ಕಣ್ಣು ಮುಚ್ಚಿದರು. ಮಹಾದೇವಿಯ ಧ್ವನಿ ಗಟ್ಟಿಯಾಗಿಯೇ ಇತ್ತು, ಆದರೆ ತೊಡೆಯ ಮೇಲಿಟ್ಟುಕೊಂಡ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಅದನ್ನು ನೋಡಿ ನನಗೆ ಎಲ್ಲಿಯಾದರೂ ಎದ್ದುಹೋಗಬೇಕೆನಿಸಿತು.

ಆಗ ಶಿವರಾಜ ಕೈ ನೀಡಿ ನನ್ನ ಬಳಿಯಿದ್ದ ಕಾಗದ ಇಸಿದುಕೊಂಡ. ಫೋಟೋದ ಮೇಲೆ ನಾನೆಳೆದ ಗೆರೆಗಳೂ ಕೆಳಗೆ ಅಂಕಿಗಳೂ ಅದರಲ್ಲಿದ್ದವು. ಬಹಳ ಹೊತ್ತು ನೋಡಿ, "ಒಂದು ಸಂಶಯ ಕೇಳಲೇನ್ರಿ?" ಎಂದ. "ಇಲ್ಲಿ ಮೊಣಕೈ ಹಂತ್ಯಾಕ ಎರಡು ಗೆರಿ ಒಂದರಾಗ ಒಂದು ಹೊಕ್ಕಾವ. ಈ ನಡುವಿನ ಜಾಗ ಎರಡು ಸಲ ಹಿಡದೀರೇನ್ರಿ?"

ನಾನು ಬಗ್ಗಿ ನೋಡಿದೆ. ಹಿಡಿದಿದ್ದೆ. ಮೊದಲ ಫೋಟೋದಲ್ಲಿ ಅಷ್ಟು ಜತನದಿಂದ ಒಂದುಗೂಡಿಸಿದವನು, ಎರಡನೆಯದರಲ್ಲಿ ಅಕ್ಕನ ಫೋನಿಗೆ ಹೆದರಿ ಬಿಡಿಬಿಡಿಯಾಗಿ ಅಳೆದು ಮೊತ್ತ ಹಾಕಿದ್ದೆ. ಬಳೆಯಿಂದ ಹೊಂದಿಸುವಾಗಲೂ ಆ ಮೊತ್ತವನ್ನೇ ತಿದ್ದಿದ್ದೆ. ಸಾಹೇಬರ ಬೀಗ ನನ್ನೆದುರಿಗೇ ಎರಡು ಎಲೆ ಹಾಕಿಕೊಂಡು ಉಂಡೆದ್ದಿದ್ದ. "ಎರಡು ಸಲ ಬಂದದ್ರಿ," ಎಂದೆ.

"ಹಂಗಾದ್ರ ಕಲಿ ಇದಕ್ಕಿಂತ ಕಮ್ಮಿ ಅದಾವ ಅಂದಂಗಾತು," ಎಂದ ಶಿವರಾಜ, ಗಣಿತದ ತಾಸಿನಲ್ಲಿ ಇದ್ದವನಂತೆ.

ಮಹಾದೇವಿ ನನ್ನನ್ನೇ ನೋಡುತ್ತಿದ್ದಳು. "ಮೊದಲು ಜಾಸ್ತಿ ಅಂದಿ. ಆಮ್ಯಾಲ ಅಷ್ಟೇ ಅಂದಿ. ಈಗ ಕಮ್ಮಿ ಅಂತಿ. ಮುಲಾಮು ಯಾಕ ಬೇಕು ಮಾಮಾ, ನೀ ಇನ್ನೆರಡು ಸಲ ಅಳದಿ ಅಂದ್ರ ಪೂರಾ ಹೋಗ್ತಾವ."

ಶಿವರಾಜ ನಕ್ಕ. ಸಣ್ಣಗೆ ಶುರುವಾದ ನಗೆ ತಡೆಯಲಾಗದೆ, ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕ. ಕಾಶಿಬಾಯಿ ನಗಲಿಲ್ಲ. "ನಗೋದು ಆಮ್ಯಾಲ," ಎಂದು ಮಗನನ್ನು ಸುಮ್ಮನಾಗಿಸಿ ಮಹಾದೇವಿಯ ಕಡೆ ತಿರುಗಿದರು. "ನಾ ಅಂಗಡ್ಯಾಗ ಕೂಡಾಕಿ ಅವ್ವಾ. ಬಂದವರೆಲ್ಲ ಕೇಳ್ತಾರ, ಸೊಸಿಗಿ ಏನಾಗ್ಯಾದ ಅಂತ. ಏನ್ ಹೇಳ್ಲಿ?"

"ಕೈಮ್ಯಾಲ ಬಿಳಿ ಕಲಿ ಅದಾವ, ಸಾಲಿ ಕಲಸ್ತಾಳ ಅಂತ ಹೇಳ್ರಿ."

"ಅಷ್ಟಕ್ಕ ಬಿಡ್ತಾರೇನು ಮಂದಿ?"

"ಬಿಡಲಿಲ್ಲಂದ್ರ ನಮ್ಮ ಮಾಮಾನ ಕಡೆ ಕಳಸ್ರಿ. ಸೂರ್ಯಕಾಂತಿ ಕಥಿ ಕೇಳಿದವರು ಮತ್ತ ಎರಡನೇ ಸಲ ಕೇಳಂಗಿಲ್ಲ."

ಕಾಶಿಬಾಯಿಯ ತುಟಿ ತುಸು ಅಲುಗಿತು. ತಟ್ಟೆ ಹತ್ತಿರ ಎಳೆದುಕೊಂಡು ಒಂದು ಭಜಿ ತಿಂದರು. ಹೊರಡುವಾಗ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆ ಮೇಲಿನ ದಿನಗಳಲ್ಲಿ ಅಕ್ಕ ಸರಿಯಾಗಿ ಉಣ್ಣಲಿಲ್ಲ, ಭಾವ ನನ್ನ ಸಂಗಡ ಮಾತಾಡಲಿಲ್ಲ. ಮಹಾದೇವಿ ದಿನವೂ ಶಾಲೆಗೆ ಹೋಗಿ ಬಂದಳು, ಆದರೆ ಹೊರಗೆ ಯಾರದಾದರೂ ಸಪ್ಪಳವಾದರೆ ಓದುತ್ತಿದ್ದ ಪುಟ ಮುಂದೆ ಸಾಗುತ್ತಿರಲಿಲ್ಲವೆಂದು ಅಕ್ಕ ಆಮೇಲೆ ಹೇಳಿದಳು. ಕೊನೆಗೊಂದು ಗುರುವಾರ ಕಾಶಿಬಾಯಿ ತಾವೇ ಬಂದು, ಕುಂಕುಮ ಹಚ್ಚಿಸಿಕೊಂಡು, "ಅವರಪ್ಪ ಹೋದಾಗಿಂದ ನನ್ನ ಮಗ ಬಾಯಿತುಂಬ ನಕ್ಕಿದ್ದಿಲ್ರಿ. ಅವತ್ತು ಆಳಂದ ಬರೋತನಕ ಬಸ್ಸಿನ್ಯಾಗ ನಕ್ಕೋತ ಬಂದ. ನನಗ ಮನ್ಯಾಗ ಅದು ಬೇಕಾಗ್ಯಾದ" ಎಂದರು. ಅಕ್ಕ ಮತ್ತೆ ಅದೇ ಹೊಸ್ತಿಲ ಮೇಲೆ ಕೂತು ಮತ್ತೆ ಅತ್ತಳು. ಈ ಸಲ ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಮದುವೆ ಇಜೇರಿಯಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ಎರಡೂ ಕಡೆಗೆ ಬೀಗರಾದವರು ಯಾರಾದರೂ ಇದ್ದಾರೆಯೇ ಎಂದು ನೋಡಲೂ ಧೈರ್ಯವಾಗದೆ ನಾನು ತಲೆತಗ್ಗಿಸಿಯೇ ಉಂಡೆ. ಮಹಾದೇವಿಗೆ ಆಮೇಲೆ ಮೊಣಕೈಯ ಕಲೆಗಳು ಮಾಸಿದವು, ಕತ್ತಿನ ಹತ್ತಿರ ಬೇರೆ ಎರಡು ಬಂದವು. ಆಳಂದಕ್ಕೆ ವರ್ಗವಾಗಿ ಅಲ್ಲಿಯೇ ಶಾಲೆ ಕಲಿಸುತ್ತಾಳೆ. ಒಟ್ಟು ವಿಸ್ತೀರ್ಣ ಎಷ್ಟೆಂದು ಆ ಮನೆಯಲ್ಲಿ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ನಾನಂತೂ ಕಚೇರಿಯಲ್ಲಿ ಆ ಹಂಗಾಮಿನ ಸೂರ್ಯಕಾಂತಿ ಎಲೆಗಳ ಚಿತ್ರಗಳನ್ನೆಲ್ಲ ಮತ್ತೆ ಹೊರತೆಗೆದು, ಗೆರೆಗಳನ್ನು ಒಂದುಗೂಡಿಸಿ ಅಳೆದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ರೋಗ ತುಸು ಇಳಿಮುಖವಾಗಿರುವುದು ಕಂಡುಬಂತು. ಸಾಹೇಬರು ಔಷಧಿಯ ಗುಣವೆಂದುಕೊಂಡು ಸಂತೋಷಪಟ್ಟರು. ನಾನು ಹಾಗಲ್ಲವೆಂದು ತಿಳಿಸಿದ ಮೇಲೆ ಅಷ್ಟು ಪಡಲಿಲ್ಲ.

ಮರುವರ್ಷ ನನಗೆ ಅಫಜಲಪುರದಲ್ಲಿ ಹೆಣ್ಣು ನೋಡಿದರು. ಅಕ್ಕ, ಭಾವ, ಮಹಾದೇವಿ, ಶಿವರಾಜ ಎಲ್ಲರೂ ಬಂದಿದ್ದರು. ಹೆಣ್ಣಿನ ತಂದೆ ಹುಡುಗನ ನಡತೆ ವಿಚಾರಿಸಿದರು. ಭಾವ ಹಳೆಯದನ್ನೆಲ್ಲ ಮರೆತು, ಹುಡುಗ ಬಂಗಾರ ಎಂದರು. ಮಾತು ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ಒಂದು ಮಾತು ಮೊದಲೇ ಹೇಳಿಬಿಡ್ತೇನ್ರಿ," ಎಂದಳು ಮಹಾದೇವಿ. "ಆಮ್ಯಾಲ ಮುಚ್ಚಿಟ್ರು ಅನ್ನಬಾರದು." ಹೆಣ್ಣಿನ ಕಡೆಯವರು ಬೆಚ್ಚಿದರು. ಅವರಿಗಿಂತ ಹೆಚ್ಚಾಗಿ ನಾನು ಬೆಚ್ಚಿ, ನನ್ನ ದೋಷಗಳನ್ನೆಲ್ಲ ಒಂದೊಂದಾಗಿ ನೆನೆಯತೊಡಗಿದೆ. ಅವು ಮುಗಿಯುವುದರೊಳಗೆ ಆಕೆ ಖಾದರಭಾಯಿಯ ಗುಲಾಬಿ ಕುಂಡದಿಂದ ಸೂರ್ಯಕಾಂತಿಯವರೆಗೆ ಪೂರ್ತಿ ಹೇಳಿ ಮುಗಿಸಿದ್ದಳು. ಹೆಣ್ಣಿನ ತಂದೆ ನಗುವುದೋ ಬಿಡುವುದೋ ತಿಳಿಯದೆ ಮೀಸೆ ತಿರುವಿದರು. ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಹುಡುಗಿ ಸುವರ್ಣಾ ನನ್ನ ಕಡೆ ನೋಡದೆ ಮಹಾದೇವಿಯನ್ನೇ ಕೇಳಿದಳು.

"ತಪ್ಪಾಗ್ಯಾದ ಅಂತ ತೋರಿಸಿದ್ರ ಒಪ್ಪಿಕೊಂತಾರೇನ್ರಿ ಅಕ್ಕಾರ?"

ಮಹಾದೇವಿ ಸ್ವಲ್ಪ ಯೋಚಿಸಿದಳು. "ಒಪ್ಪಿಕೊಂತಾರ. ಆದ್ರ ಹುಡುಕೋ ಕೆಲಸ ನಿಮ್ಮದೇ ನೋಡ್ರಿ."

ಸುವರ್ಣಾ ಒಪ್ಪಿಕೊಂಡಳು. ಆ ಕೆಲಸದಲ್ಲಿ ಆಕೆಗೆ ಇವತ್ತಿನವರೆಗೂ ಒಂದು ದಿನದ ರಜೆ ಸಿಕ್ಕಿಲ್ಲ.